ಬೆನ್ನು ತೋರಿಸುವ ಕೋಳಿಗಳು

ಹಕ್ಕಿ ಪುಸ್ತಕಗಳಲ್ಲಿ ಚಿಟ್ಟುಕೋಳಿ ನಿಂತಿರುವ ಠೀವಿ ನೋಡಬೇಕು. ಹೆಣ್ಣು ನೋಡಲು ಬರುವವರಿಗೆ ಕಳಿಸಲೆಂದು ಸ್ಟುಡಿಯೋದಲ್ಲಿ ತೆಗೆಸಿದ ಫೋಟೋದ ಹಾಗೆ ಕತ್ತು ನೆಟ್ಟಗೆ, ಮುಖ ಬೆಳಕಿಗೆ, ಎರಡೂ ಕಾಲು ಪೂರಾ ಕಾಣುವಂತೆ. ಕಾಡಿನಲ್ಲಿ ಅದು ಕೊಡುವ ದರ್ಶನವೇ ಬೇರೆ. ಮೊದಲು ತರಗೆಲೆ ಕೆದಕುವ ಸದ್ದು. ಆಮೇಲೆ ಮೌನ. ನೀವು ದುರ್ಬೀನು ಎತ್ತುವಷ್ಟರಲ್ಲಿ ಒಂದು ಕಂದು ಬೆನ್ನು ಮೆಳೆಯೊಳಗೆ ನುಗ್ಗಿರುತ್ತದೆ. ರೆಕ್ಕೆ ಇದ್ದೂ ಹಾರುವುದಕ್ಕೆ ಬೇಜಾರು. ಕಾಲಲ್ಲೇ ಎಲ್ಲ ವ್ಯವಹಾರ. ಇರುಳು ಕಳೆಯಲು ಮಾತ್ರ ಮರ ಹತ್ತುತ್ತದೆ.

ನಮ್ಮಲ್ಲಿ ಇರುವುದು ಎರಡು ಬಗೆ: ಕೆಂಪು ಚಿಟ್ಟುಕೋಳಿ, ಬಣ್ಣದ ಚಿಟ್ಟುಕೋಳಿ. ಮೂರನೆಯದು ಶ್ರೀಲಂಕಾದಲ್ಲಿದೆ, ಅದರ ಚಿಂತೆ ಅಲ್ಲಿನವರಿಗಿರಲಿ. ಕೆಂಪಿನ ಉದ್ದ ಸುಮಾರು 36 ಸೆಂಟಿಮೀಟರ್, ಬಣ್ಣದ್ದು 32. ಲಂಟಾನದೊಳಗೆ ಓಡುತ್ತಿರುವ ಹಕ್ಕಿಯಲ್ಲಿ ಆ ನಾಲ್ಕು ಸೆಂಟಿಮೀಟರನ್ನು ಕಣ್ಣಳತೆಯಲ್ಲೇ ಹಿಡಿಯಬಲ್ಲವರಿಗೆ ದೂರದಿಂದಲೇ ನಮಸ್ಕಾರ.

ಬಣ್ಣದ ಚಿಟ್ಟುಕೋಳಿಯ ಗಂಡಿನ ವಿಷಯದಲ್ಲಿ ತಕರಾರಿಲ್ಲ. ಕಪ್ಪು ತಲೆಯ ತುಂಬ ಸಣ್ಣ ಬಿಳಿ ಚುಕ್ಕೆ, ಕೆಂಗಂದು ಬೆನ್ನಿನ ಮೇಲೆ ಕಪ್ಪು ಅಂಚಿನ ಬಿಳಿ ಬೊಟ್ಟು. ಒಮ್ಮೆ ಸರಿಯಾಗಿ ಕಂಡವರು ಮತ್ತೆ ಪುಸ್ತಕ ತೆರೆಯಬೇಕಿಲ್ಲ. ಕಷ್ಟವೆಲ್ಲ ಅದರ ಹೆಂಡತಿಯದು. ಅಷ್ಟು ಶೋಕಿಲಾಲನ ಜೊತೆ ಬಾಳುವವಳು ಬರೀ ಮಾಸಲು ಕಂದು. ಅತ್ತ ಕೆಂಪು ಚಿಟ್ಟುಕೋಳಿಯ ಸಂಸಾರದಲ್ಲಿ ಗಂಡೂ ಕಂದೇ, ಹೆಣ್ಣೂ ಕಂದೇ. ಹೀಗೆ ಮೂರು ಕಂದು ಕೋಳಿಗಳು ಸೇರಿ ನೋಡುವವರ ತಲೆ ತಿನ್ನುತ್ತವೆ.

ಬಿಡಿಸುವ ದಾರಿ ಇಲ್ಲದಿಲ್ಲ. ಕೆಂಪು ಚಿಟ್ಟುಕೋಳಿಗೆ ಗಂಡು ಹೆಣ್ಣೆನ್ನದೆ ಕಣ್ಣಿನ ಸುತ್ತ ಗರಿಯಿಲ್ಲದ ಕೆಂಪು ಚರ್ಮ, ಕಾಲೂ ಕೆಂಪು. ಬಣ್ಣದ್ದಕ್ಕೆ ಆ ಕೆಂಪು ಕಣ್ಗಟ್ಟು ಇಲ್ಲ, ಕಾಲು ಬೂದುಗಪ್ಪು. ಇಷ್ಟೇ. ಆದರೆ ವಿಧಿಯಾಟ ನೋಡಿ, ಗುರುತು ಇರುವುದು ಮುಖದಲ್ಲಿ ಮತ್ತು ಕಾಲಲ್ಲಿ. ಹಕ್ಕಿ ನಮಗೆ ತೋರಿಸುವುದು ಬೆನ್ನು. ಕಾಲನ್ನು ತರಗೆಲೆ ಮುಚ್ಚಿರುತ್ತದೆ, ಮುಖ ಆಗಲೇ ಪೊದೆ ಸೇರಿರುತ್ತದೆ.

ಕಾಲಿನ ಮಾತು ಬಂತಲ್ಲ, ಈ ಕುಲದವರ ಮುಳ್ಳಿನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಊರ ಹುಂಜಕ್ಕೆ ಕಾಲಿಗೊಂದು ಮುಳ್ಳಿದ್ದರೆ ಅದೇ ದೊಡ್ಡಸ್ತಿಕೆ. ಚಿಟ್ಟುಕೋಳಿಯ ಗಂಡಿಗೆ ಒಂದೊಂದು ಕಾಲಿಗೂ ಎರಡು, ಕೆಲವಕ್ಕೆ ಇನ್ನೂ ಹೆಚ್ಚು. ಹೇಂಟೆಯೂ ಬರಿಗಾಲಲ್ಲಿ ಇರುವುದಿಲ್ಲ, ಅದಕ್ಕೂ ಒಂದೋ ಎರಡೋ ಇರುತ್ತವೆ. ಗಂಡ ಹೆಂಡಿರು ಜೊತೆಯಾಗಿಯೇ ಮೇಯುತ್ತವೆ. ಆ ಮನೆಯಲ್ಲಿ ದನಿ ಏರಿಸುವ ಮುನ್ನ ಇಬ್ಬರೂ ಯೋಚಿಸುತ್ತಾರೇನೋ. ಈ ಜೋಡಿತನದಿಂದ ನಮಗೂ ಒಂದು ಉಪಕಾರವಿದೆ: ಕಂದು ಹೇಂಟೆಯ ಹಿಂದೆ ಚುಕ್ಕೆಯ ಗಂಡು ಬಂದರೆ ಅಲ್ಲಿಗೆ ವ್ಯಾಜ್ಯ ತೀರಿತು.

ಹಾಗೆ ನೋಡಿದರೆ ಹಕ್ಕಿಗಿಂತ ಮೊದಲು ನಾವು ನಿಂತ ನೆಲವನ್ನೇ ನೋಡಿಕೊಳ್ಳುವುದು ಜಾಣತನ. ಮಲೆನಾಡಿನ ಬಿದಿರುಮೆಳೆ, ತೇವದ ಕಾಡು, ಕಾಫಿ ತೋಟದ ಅಂಚು ಕೆಂಪಿನ ಸೀಮೆ. ಬಿಸಿಲಿಗೆ ಕಾದ ಬಂಡೆ, ಕುರುಚಲು, ಮುಳ್ಳುಪೊದೆ ಇದ್ದಲ್ಲಿ ಬಣ್ಣದ್ದು. ಹಂಪಿಗೆ ಹತ್ತಿರದ ದರೋಜಿ ಕರಡಿಧಾಮ ಇದಕ್ಕೆ ಹೆಸರುವಾಸಿ. ಕರಡಿಗಳಿಗೆಂದು ಅಲ್ಲಿ ಬಂಡೆಗಳಿಗೆ ಸಿಹಿ ಪಾಕ ಬಳಿಯುತ್ತಾರೆ. ಜನ ವೀಕ್ಷಣಾ ಗೋಪುರದಲ್ಲಿ ಕ್ಯಾಮೆರಾ ಹಿಡಿದು ಕರಡಿಗೆ ಕಾಯುತ್ತಿದ್ದರೆ, ಕೆಳಗೆ ಬಣ್ಣದ ಚಿಟ್ಟುಕೋಳಿಯ ಸಂಸಾರ ಅದೇ ಬಂಡೆಗಳ ಸಂದಿಯಲ್ಲಿ ತನ್ನ ಪಾಡಿಗೆ ಮೇಯ್ದು ಹೋಗುತ್ತದೆ. ಕರಡಿಯ ಗುಂಗಿನಲ್ಲಿ ಅದನ್ನು ಗಮನಿಸದೆ ಬಂದವರ ಬಗ್ಗೆ ನನಗೆ ಮರುಕವಿದೆ. ಕರಡಿಯನ್ನು ಇನ್ನೊಂದು ಕರಡಿಯಿಂದ ಬಿಡಿಸಿ ಹೇಳುವ ಕಷ್ಟ ಅಲ್ಲಿ ಯಾರಿಗೂ ಇಲ್ಲ. ರಸ ಇರುವುದು ಕೋಳಿಯಲ್ಲಿ.

ನೆಲ ನೋಡಿ ಹೇಳುವ ಈ ಉಪಾಯ ಪೂರ್ವಘಟ್ಟಗಳಲ್ಲಿ ಕೈಕೊಡುತ್ತದೆ. ಅಲ್ಲಿ ಎರಡೂ ಇವೆ. ಅಂಥ ಕಡೆ ಕಾಲಿನ ಬಣ್ಣ ಕಾಣುವವರೆಗೆ ಟಿಪ್ಪಣಿ ಪುಸ್ತಕದಲ್ಲಿ ‘ಚಿಟ್ಟುಕೋಳಿ, ಒಂದು’ ಎಂದಷ್ಟೇ ಬರೆದುಕೊಳ್ಳುವುದು ಮರ್ಯಾದೆಯ ಕ್ರಮ. ಜೊತೆಗೆ ಬಂದವರು “ಯಾವ ಚಿಟ್ಟುಕೋಳಿ ಸಾರ್?” ಎಂದು ಪಟ್ಟು ಹಿಡಿದರೆ, ಫ್ಲಾಸ್ಕ್ ತೆಗೆದು ಕಾಫಿ ಬಗ್ಗಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.