ನಿಮ್ಮದು ಯಾವ ವೇಷ ಮಾರಾಯ್ರೆ?

ಮೊನ್ನೆ ಸಿದ್ಧಕಟ್ಟೆಯಲ್ಲಿ ಮೂಡುಬಿದಿರೆ ಬಸ್ಸಿಗೆ ಕಾಯ್ತಾ ಮೊಬೈಲ್‌ನಲ್ಲಿ ಎಂತದೋ ಒತ್ತುತ್ತಾ ಇದ್ರಲ್ಲ, ನಾನು ನೋಡಿದ್ದೇನೆ. (ಹೌದು, ಇಣುಕಿಯೇ ನೋಡಿದ್ದು. ಬಸ್ ಬರುವವರೆಗೆ ನನಗೂ ಬೇರೆ ಕೆಲಸ ಇರ್ಲಿಲ್ಲ.) ‘ನಿಮ್ಮ ಪರ್ಸನಾಲಿಟಿ ತಿಳಿಯಿರಿ’ ಅಂತ ಇತ್ತು. ‘ನಿಮಗೆ ಬೇಗ ಕೋಪ ಬರುತ್ತದೆಯೇ?’ ಅನ್ನುವಲ್ಲಿ ‘ಇಲ್ಲ’ ಒತ್ತಿದ್ರಿ. ಪಕ್ಕದವರ ಕೊಡೆ ಕಾಲಿಗೆ ತಾಗಿದ್ದಕ್ಕೆ ಅವರನ್ನು ದುರುಗುಟ್ಟಿ ನೋಡಿ ಇನ್ನೂ ಎರಡು ನಿಮಿಷ ಆಗಿರ್ಲಿಲ್ಲ!

ಕೊನೆಗೆ ರಿಸಲ್ಟ್ ಬಂತು. ಮೃದು ಮನಸ್ಸಂತೆ, ಆದ್ರೆ ಸಮಯ ಬಂದ್ರೆ ಗಟ್ಟಿಯಂತೆ. ಎಲ್ಲರೊಟ್ಟಿಗೆ ನಗ್ತೀರಂತೆ, ಒಳಗೆ ಮಾತ್ರ ಒಬ್ಬರೇ ಅಂತೆ. ‘ಅರೆ, ಇದು ನಾನೇ!’ ಅಂತ ಕೂಡಲೇ ಸ್ಟೇಟಸ್‌ಗೆ ಹಾಕಿದ್ರಿ. ಅಲ್ವಾ?

ನಾಚಿಕೆ ಬೇಡ. 1948ರಲ್ಲಿ ಅಮೆರಿಕದ ಬರ್ಟ್ರಾಮ್ ಫೋರರ್ ಅನ್ನುವ ಮೇಷ್ಟ್ರು 39 ವಿದ್ಯಾರ್ಥಿಗಳಿಗೆ ಸ್ವಭಾವ ಪರೀಕ್ಷೆ ಮಾಡಿ, ಒಬ್ಬೊಬ್ಬರಿಗೂ ‘ನಿನ್ನ ವರದಿ’ ಅಂತ ಚೀಟಿ ಕೊಟ್ರು. ‘ಎಷ್ಟು ಸರಿ ಉಂಟು?’ ಅಂತ ಕೇಳಿದ್ದಕ್ಕೆ ಮಕ್ಕಳು ಐದಕ್ಕೆ ಸರಾಸರಿ 4.26 ಅಂಕ ಹಾಕಿದ್ರು. ಮತ್ತೆ ನೋಡಿದ್ರೆ ಎಲ್ಲರ ಕೈಯಲ್ಲೂ ಒಂದೇ ಚೀಟಿ! ಅದರಲ್ಲಿದ್ದ ಮಾತು ಹೆಚ್ಚಿನದ್ದು ಪೇಪರ್ ಅಂಗಡಿಯ ಜ್ಯೋತಿಷ್ಯ ಪುಸ್ತಕದ್ದು. ಹೊಗಳಿಕೆ ಆದ್ರೆ ಅಳತೆ ನೋಡದೆ ಹಾಕಿಕೊಳ್ತೇವೆ, ನೀವೂ, ನಾನೂ.

ಇನ್ನು ‘ನಾನು ಇಂಟ್ರೋವರ್ಟ್’ ಅನ್ನುವವರ ಕಥೆ ಬೇರೆ. ಅಂತರ್ಮುಖಿ, ಬಹಿರ್ಮುಖಿ ಅಂತ ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ಪುಸ್ತಕ ಬರೆದದ್ದು ಪಾಪ ಬೇರೆ ಉದ್ದೇಶಕ್ಕೆ. ನಮ್ಮಲ್ಲಿ ಅದು ಮದುವೆಮನೆಗೆ ಹೋಗುದು ತಪ್ಪಿಸ್ಲಿಕ್ಕೆ ಆಗುತ್ತದೆ. (ಮೊದಲು ಸೊಂಟನೋವು ಅಂತಿದ್ರು.) ಅದೇ ಇಂಟ್ರೋವರ್ಟ್ ಚಾ, ಗೋಳಿಬಜೆಗೆ ಕೂತ್ರೆ ಎರಡು ಬಸ್ ಹೋದ್ರೂ ಮಾತು ಮುಗಿಯುದಿಲ್ಲ.

ನನ್ನ ಕೇಳಿದ್ರೆ ಸ್ವಭಾವ ನೋಡ್ಲಿಕ್ಕೆ ನಮ್ಮ ಯಕ್ಷಗಾನ ಆಟದ ಚೌಕಿಯೇ (ವೇಷ ಕಟ್ಟುವ ಜಾಗ) ಸಾಕು. ಕಿರೀಟವೇಷ, ಪುಂಡುವೇಷ, ಬಣ್ಣದವೇಷ, ಸ್ತ್ರೀವೇಷ, ಹಾಸ್ಯ. ಬಣ್ಣದವೇಷದ ಮುಖದ ಮೇಲಿನ ಚುಟ್ಟಿ ನೋಡಿಯೇ ಮಕ್ಕಳು ಕೂಡ ‘ರಾಕ್ಷಸ ಬಂದ’ ಅನ್ನುತ್ತವೆ. ಈಗ ಹೇಳಿ, ನಿಮ್ಮದು ಯಾವುದು? ಕಿರೀಟವೇಷ! ಮೈದುನನಿಗೆ ಹಾಸ್ಯ, ಗಡಿಗೆ ಬೇಲಿ ಹಾಕಿದ ಆಚೆಮನೆಯವರಿಗೆ ಬಣ್ಣದವೇಷ. ಆಚೆಮನೆಯ ಜಗಲಿಯಲ್ಲಿ ಬಣ್ಣದವೇಷ ಯಾರಿಗೆ ಕೊಟ್ಟಿದ್ದಾರೆ ಅಂತ ಒಮ್ಮೆಯಾದ್ರೂ ಯೋಚಿಸಿದ್ದುಂಟಾ?

ಆದ್ರೆ ಆಟ ಮುಗಿದ ಮೇಲೆ ಬಣ್ಣ ತೆಗೆಯುತ್ತಾರೆ, ನಾವು ಮಾತ್ರ ಜನರ ಮುಖಕ್ಕೆ ಬಳಿದದ್ದನ್ನು ತೆಗೆಯುದೇ ಇಲ್ಲ. ಈಗಿನ ಮನೋವಿಜ್ಞಾನಿಗಳು ಹಾಗೆ ವೇಷ ಹಂಚುದಿಲ್ಲ. ಹೊಸತರ ಕುತೂಹಲ, ಶಿಸ್ತು, ಜನರೊಟ್ಟಿಗೆ ಬೆರೆಯುದು, ಹೊಂದಿಕೊಳ್ಳುದು, ತಲೆಬಿಸಿ ಮಾಡಿಕೊಳ್ಳುದು, ಈ ಐದು ಗುಣ ಎಲ್ಲರಲ್ಲೂ ಉಂಟು ಅನ್ನುತ್ತಾರೆ. ಒಬ್ಬರಲ್ಲಿ ಒಂದು ಸೇರು, ಇನ್ನೊಬ್ಬರಲ್ಲಿ ಪಾವು, ಅಷ್ಟೇ. (ಆಚೆಮನೆಯವರಲ್ಲೂ ಹೊಂದಿಕೊಳ್ಳುವ ಗುಣ ಪಾವಿನಷ್ಟಾದ್ರೂ ಇರಬಹುದು. ನೀವು ಅಳೆದಿಲ್ಲ.)

ಅಳೆಯುದು ಯಾರು ಅನ್ನುದೇ ತಮಾಷೆ. ಸಿಮಿನ್ ವಜೀರೆ ಅನ್ನುವ ಮನೋವಿಜ್ಞಾನಿ 2010ರ ಅಧ್ಯಯನದಲ್ಲಿ ಇದನ್ನೇ ಪರೀಕ್ಷೆ ಮಾಡಿದ್ರು. ಒಳಗಿನ ದಿಗಿಲು, ಅಳುಕು ನಮಗೇ ಹೆಚ್ಚು ಗೊತ್ತು. ನಾವು ಬಾಯಿಬಡುಕರೋ ಅಲ್ವೋ ಅನ್ನುದು ದಾರಿಹೋಕರಿಗೂ ಗೊತ್ತಾಗುತ್ತದೆ. ನಾವೆಷ್ಟು ಬುದ್ಧಿವಂತರು ಅನ್ನುದು? ನಮಗಿಂತ ಗೆಳೆಯರಿಗೇ ಸರಿ ಗೊತ್ತಂತೆ! (ನನ್ನ ಗೆಳೆಯರನ್ನು ದಯವಿಟ್ಟು ಕೇಳ್ಬೇಡಿ.)

ಅಷ್ಟರಲ್ಲಿ ನಮ್ಮ ಬಸ್ ಬಂತಲ್ಲ? ‘ದುಂಬು ಪೋಲೆ, ದುಂಬು ಪೋಲೆ’ ಅಂತ ಎಲ್ಲರನ್ನೂ ಮುಂದೆ ತಳ್ಳಿದ ಕಂಡಕ್ಟರ್ ನಿಮಗೆ ಮಾತ್ರ ಕಿಟಕಿ ಸೀಟು ತೋರಿಸಿದ. ನೀವು ಬಾಯಿ ತೆರೆಯುವ ಮೊದಲೇ, ‘ಐನೂರು ತೆಗೀಬೇಡಿ, ಚಿಲ್ಲರೆ ಕೊಡಿ’ ಅಂದ.

ಜೇಬಿನಿಂದ ಅರ್ಧ ಹೊರಗೆ ಬಂದಿದ್ದ ಐನೂರರ ನೋಟನ್ನು ನೀವು ಮೆಲ್ಲ ಒಳಗೆ ತುರುಕಿದ್ದನ್ನೂ ನಾನು ನೋಡಿದ್ದೇನೆ.