ಲುಪ್ತಕಡತ ಮೀಮಾಂಸೆ: ಕೊಡಗು ಖಂಡ

ಅಳಿಸಿದ ಫೈಲು ನಿಜಕ್ಕೂ ಅಳಿದಿದೆಯೇ ಎಂಬ ಜಿಜ್ಞಾಸೆ ಕಂಪ್ಯೂಟರಿಗಿಂತ ಬಹಳ ಹಿಂದೆ ಕಾವೇರಿ ಹುಟ್ಟುವ ಬ್ರಹ್ಮಗಿರಿಯಲ್ಲೇ ಇತ್ಯರ್ಥವಾಗಿದೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಅಗಸ್ತ್ಯರು ಕಾವೇರಿಯನ್ನು ಒಂದೇ ಒಂದು ಕಮಂಡಲದಲ್ಲಿಟ್ಟಿದ್ದರು. ಎರಡನೆಯ ಪ್ರತಿ ಇರಲಿಲ್ಲ. ಪರಿಣಾಮ ಲೋಕಕ್ಕೆ ಗೊತ್ತು: ಕಾವೇರಿ ಕಮಂಡಲದಿಂದ ಹೊರಬಿದ್ದು ಹರಿದಳು. ತಲಕಾವೇರಿಯ ಕುಂಡಿಕೆಯಲ್ಲಿ ಕಂಡ ನೀರು ನೆಲದಡಿ ಸರಿದು ಕೆಳಗೆಲ್ಲೋ ತಲೆಯೆತ್ತುತ್ತದೆ. ಭಾಗಮಂಡಲದಲ್ಲಿ ಮೂರನೆಯ ನದಿ ಸುಜ್ಯೋತಿ ಕಣ್ಣಿಗೆ ಬೀಳುವುದೇ ಇಲ್ಲ, ಆದರೂ ಸಂಗಮ ತ್ರಿವೇಣಿಯೆಂದೇ ಲೆಕ್ಕ. ಹಿಡನ್ ಫೈಲಿಗೆ ಇದಕ್ಕಿಂತ ಹಳೆಯ ಆಧಾರವಿದ್ದರೆ ಪ್ರತಿವಾದಿಗಳು ತೋರಿಸಲಿ.

ಇನ್ನು ಪ್ರಕೃತ ಪ್ರಕರಣ. ಕೊಡಗಿನ ತೋಟದ ಮನೆಗಳಲ್ಲಿ ಮಳೆಯನ್ನು ಇಂಚು ಮತ್ತು ಅದರ ನೂರನೇ ಪಾಲಾದ ಸೆಂಟಿನಲ್ಲಿ ಅಳೆದು ಬರೆದಿಡುವುದು ನಿತ್ಯಕರ್ಮ. ಅಜ್ಜ ಪುಸ್ತಕದಲ್ಲಿ ಬರೆದದ್ದನ್ನು ಮಗ ಎಕ್ಸೆಲ್ಲಿಗೆ ಏರಿಸಿ, ಮೆಟ್ಟಿಲ ಕೆಳಗಿನ ನ್ಯಾಸ್ ಎಂಬ ನೆಟ್‌ವರ್ಕ್ ಶೇಖರಣಾ ಪೆಟ್ಟಿಗೆಯಲ್ಲಿಟ್ಟ. ಮೊಮ್ಮಗ ಸಿನಿಮಾಕ್ಕೆ ಜಾಗ ಸಾಲದೆ ಆ ಫೋಲ್ಡರನ್ನೇ ಅಳಿಸಿದ. ಮೂಲ ಪುಸ್ತಕವನ್ನು ಗೆದ್ದಲು ಅದಾಗಲೇ ಕೂಲಂಕಷವಾಗಿ ಪರಾಮರ್ಶಿಸಿತ್ತು.

ಪೂರ್ವಪಕ್ಷ: "ಎರಡು ಡಿಸ್ಕ್ ಉಂಟಲ್ಲ, ರೇಡ್ ಉಂಟಲ್ಲ?" ಉಂಟು. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಆಚಾರ್ಯತ್ರಯರು ಬರೆದ ರೇಡ್ ಸೂತ್ರ ಡಿಸ್ಕಿನ ಮರಣಕ್ಕೆ ಮದ್ದು, ಮೊಮ್ಮಗನ ಬೆರಳಿಗಲ್ಲ. ಒಂದು ಡಿಸ್ಕಿನಲ್ಲಿ ಅಳಿಸಿದ್ದನ್ನು ಇನ್ನೊಂದು ಅದೇ ಕ್ಷಣದಲ್ಲಿ, ಪರಮ ವಿಧೇಯತೆಯಿಂದ, ತಾನೂ ಅಳಿಸುತ್ತದೆ.

ಪ್ರಾಯಶ್ಚಿತ್ತದ ಮೊದಲ ವಿಧಿ ಮೌನ. ಪೆಟ್ಟಿಗೆಗೆ ಹೊಸತೇನನ್ನೂ ಬರೆಯಬಾರದು. ಆದರೆ ಕಾಡಾನೆಗೆ ಹೆದರಿ ಗೇಟಿಗೆ ಹಾಕಿಸಿದ ಕ್ಯಾಮೆರಾ ರಾತ್ರಿಯಿಡೀ ಅಲ್ಲಿಗೇ ರೆಕಾರ್ಡ್ ಮಾಡುತ್ತಿರುತ್ತದೆ. ಅಜ್ಜನ ಜುಲೈ ಮಳೆಯ ಮೇಲೆ ಆನೆ ನಡೆದುಹೋದರೆ ಯಾವ ಶಾಸ್ತ್ರವೂ ಕಾಯದು. ಆದ್ದರಿಂದ ಕ್ಯಾಮೆರಾ ಮೊದಲು ಬಂದ್. ಆಮೇಲೆ ರಿಸೈಕಲ್ ಬಿನ್: ನೆಟ್‌ವರ್ಕ್ ಮೂಲಕ ಅಳಿಸಿದ್ದು ಕಂಪ್ಯೂಟರಿನ ಬುಟ್ಟಿಗೆ ಬೀಳುವುದಿಲ್ಲ, ಪೆಟ್ಟಿಗೆಯದೇ ಬುಟ್ಟಿಗೆ ಬೀಳುತ್ತದೆ, ಅದನ್ನು ಯಾರಾದರೂ ಮೊದಲೇ ಚಾಲೂ ಮಾಡಿಟ್ಟಿದ್ದರೆ. ಸ್ನ್ಯಾಪ್‌ಶಾಟ್ ವಿಷಯವೂ ಹಾಗೆಯೇ, ಪುಣ್ಯ ಪೂರ್ವಾರ್ಜಿತವಾಗಿರಬೇಕು.

ಪುಣ್ಯಹೀನರು ಪೆಟ್ಟಿಗೆ ಬಂದ್ ಮಾಡಿ, ಡಿಸ್ಕ್ ಬಿಚ್ಚಿ, ಸೆಕ್ಟರ್ ಬಿಡದೆ ನಕಲು ತೆಗೆದು, ನಕಲಿನ ಮೇಲೆ ಮಾತ್ರ ಫೋಟೋರೆಕ್ ಎಂಬ ತಂತ್ರಾಂಶ ಪ್ರಯೋಗಿಸುವುದು. ಇದು ಫೈಲಿನ ಮುಖ ನೋಡಿ ಜಾತಿ ಹೇಳುತ್ತದೆ. ಹೆಸರು, ಫೋಲ್ಡರು ಕೇಳುವುದಿಲ್ಲ. ಹೊರಬಂದವರಿಗೆಲ್ಲ ಎಫ್ ಅಕ್ಷರ, ಅದರ ಬೆನ್ನಿಗೊಂದು ಉದ್ದನೆಯ ಸಂಖ್ಯೆ. ಮನೆಹೆಸರನ್ನು ಮುಂದಿಟ್ಟುಕೊಂಡೇ ಮಾತಾಡುವ ಕೊಡವರ ನಾಡಿನಲ್ಲಿ ಇದು ಘೋರ ಅನಾಚಾರ. ಜೊತೆಗೆ ಹೊರಬಂದ ಮದುವೆ ಫೋಟೋಗಳಲ್ಲಿ ಕುಪ್ಯಚೇಲೆ ತೊಟ್ಟು, ಪೀಚೆಕತ್ತಿ ಸಿಕ್ಕಿಸಿ ನಿಂತ ಅಷ್ಟೂ ಗಂಡಸರು ಒಕ್ಕವೆಂಬ ಮನೆತನವಿಲ್ಲದ ಅನಾಮಿಕರು! ಈ ಫೋಟೋಗಳ ಮಟ್ಟಿಗೆ ಮನೆಯ ಅಜ್ಜಿಯನ್ನು ಕೂರಿಸಿದರೆ ಸಂಜೆಯೊಳಗೆ ವಂಶಾವಳಿ ಸಮೇತ ವಿಂಗಡಣೆಯಾಗುತ್ತದೆ.

ಎಕ್ಸೆಲ್ ಹಾಳೆಗಳಿಗೆ ಅಂತರಂಗ ಪ್ರಮಾಣವೇ ಗತಿ. ಅಂಕಿಗಳು ಜನವರಿಯಲ್ಲಿ ಉಬ್ಬಿದ್ದರೆ ಅದು ಕಾಫಿ ಕೊಯ್ಲಿನ ಕೂಲಿ ಲೆಕ್ಕ. ಜುಲೈಯಲ್ಲಿ ಉಬ್ಬಿ, ಮಾರ್ಚ್‌ನಲ್ಲಿ ಕಾಫಿ ಹೂವರಳಿಸುವ ಹೂಮಳೆಯ ಒಂದೆರಡು ಅಂಕಿ ಮಾತ್ರ ಇದ್ದರೆ ಅದೇ ಮಳೆ. 2018ರ ಆಗಸ್ಟಿನ ಮಹಾಮಳೆ ಕಂಡರಂತೂ ಬೇರೆ ಗುರುತು ಬೇಡ.

ಉಳಿದ ತಕರಾರು ಒಂದೇ. ಸಿಕ್ಕಿದ ಎರಡು ಹಾಳೆಗಳಲ್ಲಿ ಹೂಮಳೆಯ ಅಂಕಿ ತಾಳೆಯಾಗುತ್ತಿಲ್ಲ. ಪಕ್ಕದ ತೋಟದವರ ಪುಸ್ತಕ ತರಿಸಿ ನೋಡೋಣವೆಂದರೆ ಅವರಲ್ಲಿ ಯಾವತ್ತೂ ಹತ್ತು ಸೆಂಟ್ ಹೆಚ್ಚೇ ಬಿದ್ದಿರುತ್ತದೆ. ಈ ಪಾಠಾಂತರವನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕಬೇಕೆಂಬುದು ಅಜ್ಜಿಯ ಮತ.