ಕಾರ್ಪೆಟ್ಟಿನ ಮೇಲೊಂದು ಶಾಸ್ತ್ರಚರ್ಚೆ

ಮಲಮೂತ್ರ ಬರುವುದನ್ನು ಮೊದಲೇ ತಿಳಿಸಿ, ಅವನ್ನು ಗೊತ್ತಾದ ಜಾಗದಲ್ಲೇ ವಿಸರ್ಜಿಸುವಂತೆ ಮಗುವಿಗೆ ಕಲಿಸುವ ಕ್ರಮವನ್ನು ಅಮೆರಿಕದ ಕನ್ನಡಿಗರ ಮನೆಗಳಲ್ಲಿ ‘ಪಾಟಿ ಟ್ರೈನಿಂಗ್’ ಎನ್ನುತ್ತಾರೆ. ಈ ವಿಷಯದಲ್ಲಿ ಮುಖ್ಯವಾಗಿ ಎರಡು ಪಂಥಗಳಿದ್ದು, ಎರಡೂ ಒಂದೇ ಸೂರಿನಡಿ ಸೇರುವುದು ದೊಡ್ಡಬಳ್ಳಾಪುರದ ಅಜ್ಜಿಯೊಬ್ಬರು ದೇವನಹಳ್ಳಿಯಲ್ಲಿ ವಿಮಾನ ಹತ್ತಿ, ಸಾಮಾನ್ಯವಾಗಿ ಆರು ತಿಂಗಳಿಗೆ ಮೀರದ ಪ್ರವಾಸಿ ಅನುಮತಿಯ ಮೇಲೆ ಮಗಳ ಮನೆಗೆ ಬಂದಾಗ.

ಅಜ್ಜಿಯ ಪಂಥ ಅನುಭವಮೂಲವಾದುದು. ಮಗುವಿನ ಕತ್ತು ನಿಂತ ಮೇಲೆ, ಅದು ಹಾಲು ಕುಡಿದಾಗ ಮತ್ತು ನಿದ್ದೆಯಿಂದ ಎದ್ದಾಗ, ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಅದನ್ನು ಪಾದಗಳ ಮೇಲೆ ಕೂರಿಸಿಕೊಂಡು ‘ಸ್ಸ್‌ಸ್’ ಎಂದು ಸದ್ದು ಮಾಡುತ್ತಾರೆ. ದಿನ ಕಳೆದಂತೆ ಸದ್ದಿಗೂ ಕ್ರಿಯೆಗೂ ನಂಟು ಬೆಳೆಯುತ್ತದೆ. ಮಗಳ ಪಂಥ ಗ್ರಂಥಮೂಲವಾದುದು. 1962ರಲ್ಲಿ ಶಿಶುವೈದ್ಯ ಟಿ. ಬೆರ್ರಿ ಬ್ರೇಜಲ್ಟನ್ 1,170 ಮಕ್ಕಳ ದಾಖಲೆಗಳನ್ನು ಆಧರಿಸಿ, ಸುಮಾರು 18 ತಿಂಗಳಾಗುವವರೆಗೆ ಈ ತರಬೇತಿಗೆ ಕೈಹಾಕಬಾರದೆಂದೂ, ಆಮೇಲೂ ಮಗುವಿನ ಇಚ್ಛೆಯನ್ನು ಅನುಸರಿಸಬೇಕೆಂದೂ ಪ್ರತಿಪಾದಿಸಿದರು. “ಅವನು ರೆಡಿ ಆಗೋವರೆಗೂ ಬಲವಂತ ಮಾಡಬಾರದಮ್ಮ” ಎಂಬ ಮಗಳ ಮಾತು ಈ ಸಿದ್ಧಾಂತದ ಸಾರ, “ನಿನ್ನ ಕೇಳ್ಕೊಂಡು ಕೂರಿಸಿದ್ನೇನೇ?” ಎಂಬುದು ಅದರ ಖಂಡನೆ.

ಅಳಿಯ ಒಮ್ಮೊಮ್ಮೆ ಮೂರನೆಯ ಪಂಥವನ್ನು ಹಿಡಿಯುವುದುಂಟು. ನೇಥನ್ ಅಜ್ರಿನ್ ಮತ್ತು ರಿಚರ್ಡ್ ಫಾಕ್ಸ್ ಎಂಬ ಮನೋವಿಜ್ಞಾನಿಗಳು 1974ರ ತಮ್ಮ ಪುಸ್ತಕದಲ್ಲಿ, ಒಂದು ದಿನದೊಳಗೇ ಕೆಲಸ ಮುಗಿಸುವ ಈ ವಿಧಾನವನ್ನು ವಿವರಿಸಿದ್ದಾರೆ. ಮಗುವಿಗೆ ಧಾರಾಳವಾಗಿ ಕುಡಿಸಿ, ನೀರು ಸೋರುವ ಗೊಂಬೆಯೊಂದನ್ನು ಪಾಟಿಯ ಮೇಲೆ ಕೂರಿಸಿ ತೋರಿಸುವುದು ಇದರ ಭಾಗ. ಗೊಂಬೆ ಬೇಗ ಕಲಿಯುತ್ತದೆ. ಮಗು ಮಾತ್ರ ಜ್ಯೂಸನ್ನೆಲ್ಲ ಕುಡಿದು, ಪಾಟಿಯ ಮೇಲೆ ಗಂಭೀರವಾಗಿ ಕುಳಿತೆದ್ದು, ನಾಲ್ಕು ಹೆಜ್ಜೆ ನಡೆದು ಕಾರ್ಪೆಟ್ಟಿನ ಮೇಲೆ ನಿಲ್ಲುತ್ತದೆ.

ಈ ವಿವಾದವನ್ನು ತಲೆಮಾರುಗಳ ಜಗಳವೆಂದು ತಿಳಿಯುವುದು ಸರಿಯಲ್ಲ, ಏಕೆಂದರೆ ಇದರ ಬೇರು ಇರುವುದು ನೆಲದಲ್ಲಿ. ದೊಡ್ಡಬಳ್ಳಾಪುರದ ರೆಡ್ ಆಕ್ಸೈಡ್ ನೆಲದ ಮೇಲಾದ ತಪ್ಪನ್ನು ಒಂದು ಚೊಂಬು ನೀರು, ಒಂದು ಒರೆಸುವ ಬಟ್ಟೆ ಅಳಿಸಿಹಾಕುತ್ತವೆ. ಮಗು ಹಿತ್ತಿಲಲ್ಲಿ ಬರಿಮೈಯಲ್ಲಿ ತಿರುಗಿದರೂ ಕೇಳುವವರಿಲ್ಲ. ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ಟಾದರೋ ಪ್ರತಿಯೊಂದು ತಪ್ಪನ್ನೂ ಹೀರಿ, ಮನೆ ಬಿಡುವ ದಿನದವರೆಗೂ ನೆನಪಿಟ್ಟುಕೊಂಡು, ಬಾಡಿಗೆಯ ಠೇವಣಿಗೆ ಸಂಚಕಾರ ತರಬಲ್ಲದು. ಹೀಗಾಗಿ ಅಜ್ಜಿಯ ಧೈರ್ಯಕ್ಕೆ ಸಿಮೆಂಟೂ ಮಗಳ ತಾಳ್ಮೆಗೆ ಡಯಪರೂ ಆಧಾರವೆನ್ನಬಹುದು.

ಅನುಮತಿಯ ಅವಧಿ ಮುಗಿದು, ಅಜ್ಜಿಯನ್ನು ಊರಿಗೆ ಬಿಡಲು ಎಲ್ಲರೂ ಹೊರಡುವಾಗ ಪಂಥಗಳ ಸಮನ್ವಯವಾಗುತ್ತದೆ. ಸೀಟು ಬೆಲ್ಟಿನ ದೀಪ ಉರಿಯುತ್ತಿರುವಾಗ ಮಗುವಿನ ಇಚ್ಛೆಗೂ ಬೆಲೆಯಿಲ್ಲ, ‘ಸ್ಸ್‌ಸ್’ ಎನ್ನಲು ಬಚ್ಚಲೂ ಇಲ್ಲವೆಂಬುದನ್ನು ಅರಿತ ಅಜ್ಜಿ, ಹೊರಡುವ ಮುನ್ನ ತಾವೇ ಮೊಮ್ಮಗನಿಗೆ ಡಯಪರ್ ಬಿಗಿದು, “ಇನ್ನೊಂದೆರಡು ನನ್ನ ಬ್ಯಾಗಲ್ಲೂ ಇಟ್ಟಿರು” ಎಂದು ಮಗಳಿಗೆ ಹೇಳುತ್ತಾರೆ.